ಚಿಕ್ಕಪ್ಪನ ಕಣ್ಣು ಮತ್ತು ನನ್ನ ಸುಳ್ಳು ಚೇಳು

ನನ್ನ ದೂರದರ್ಶಕದ ಬಾಯಿಗೆ ಮುಖ ಒಡ್ಡಿ ತಲೆಗೆ ಸುತ್ತಿದ ಮಸ್ಸರ್ ರುಮಾಲು ಸರಿಮಾಡಿಕೊಳ್ಳುವ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಚಂದ್ರನನ್ನು ನೋಡಲಿ ಅಂತ ನಾನು ಒಂದು ಇಡೀ ಬೇಸಿಗೆ ಕೂತು ಗಾಜು ಉಜ್ಜಿ ಕನ್ನಡಿ ಮಾಡಿದರೆ, ಇವರು ಅದರಲ್ಲಿ ತಮ್ಮ ಮೀಸೆ ನೋಡಿಕೊಳ್ಳುತ್ತಾರೆ! ಒಂದು ಈದ್ ದಿನ ಮಸೀದಿಯ ಅಂಗಳದಲ್ಲಿ ಅದನ್ನು ನಿಲ್ಲಿಸಿದ್ದೆವು. ಕೊಳವೆಯ ತಳದಲ್ಲಿರುವ ದೊಡ್ಡ ಕನ್ನಡಿಯಲ್ಲಿ ಮುಖ ಕುಂಬಳಕಾಯಿಯಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ಯಾವನೋ ಕಂಡುಹಿಡಿದ. ಅಲ್ಲಿಂದ ಶುರುವಾಯಿತು ನೋಡಿ. ದೂರದರ್ಶಕ ಎಲ್ಲಿ ಕಂಡರೂ ನಮ್ಮೂರ ಗಂಡಸರು ಮೊದಲು ಅದರ ಬಾಯಿಯ ಮುಂದೆ ಬಗ್ಗಿ, ಮಸ್ಸರಿನ ಅಂಚು ಕಿವಿಯ ಮೇಲೆ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ನೋಡಿಕೊಂಡು, ಆಮೇಲೆ ಸಲಾಂ ಹೇಳುತ್ತಾರೆ. ಬೈದರೆ ನಗುತ್ತಾರೆ.

ನಾನು ನಸ್ರಾ. ನಿಝ್ವಾದ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದೇನೆ. ನಮ್ಮ ಆಕಾಶ ನೋಡುವ ಕೂಟದ ಯಜಮಾನಿಕೆಯೂ ನನ್ನದೇ. ನನ್ನನ್ನು ಯಾರೂ ಆರಿಸಲಿಲ್ಲ, ಬೇಡ ಅನ್ನುವ ಧೈರ್ಯವೂ ಯಾರಿಗೂ ಇಲ್ಲ. ಕೂಟದಲ್ಲಿ ನಾನು ಮಾಡಿರುವ ಕಟ್ಟಳೆ ಬಹಳವೇನಿಲ್ಲ. ದೂರದರ್ಶಕದ ಕನ್ನಡಿ ನೇರ ಮಾಡಲು ಲೇಸರ್ ಹಚ್ಚುವ ಮುಂಚೆ "ಬೆಳಕು!" ಅಂತ ಕೂಗಬೇಕು. ಕೂಗಿದ ಕೂಡಲೇ ಎಲ್ಲರೂ ಕೊಳವೆಯ ಹಿಂದೆ ಬರಬೇಕು. ಅದರ ಬಾಯಿ ಬಂಡೆಯ ಕಡೆಗಿರಬೇಕು, ಮನುಷ್ಯರ ಕಡೆಗಲ್ಲ. ಇದಕ್ಕೆ ನಮ್ಮ ಹುಡುಗರು ನನಗೆ ಪೊಲೀಸ್ ಅಕ್ಕ ಅಂತ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಕಣ್ಣಿನ ಹಿಂಪರದೆ ಸುಟ್ಟರೆ ಅದಕ್ಕೆ ಕೂರುವ ಗಾಜು ನನ್ನ ಅಂಗಡಿಯಲ್ಲಿಲ್ಲ, ಯಾರ ಅಂಗಡಿಯಲ್ಲೂ ಇಲ್ಲ.

ಆ ದಿನ ಶಾಬಾನ್ ತಿಂಗಳ ಇಪ್ಪತ್ತೊಂಬತ್ತು. ಸಂಜೆ ಹೊಸ ಚಂದ್ರ ಕಂಡರೆ ಮಾರನೆಯ ದಿನದಿಂದ ರಂಜಾನ್ ಉಪವಾಸ. ನಮ್ಮೂರಲ್ಲಿ ಚಂದ್ರನನ್ನು ಕಾಣುವ ಕೆಲಸ ನನ್ನ ಚಿಕ್ಕಪ್ಪ ಮುಹನ್ನಾ ಅವರದು. ನಾನು ಹುಟ್ಟುವ ಮೊದಲಿನಿಂದಲೂ ಅವರದೇ. ಹರೆಯದಲ್ಲಿ ಖರ್ಜೂರದ ಮರ ಹತ್ತಿ ಹೆಣ್ಣು ಹೂವಿಗೆ ಗಂಡು ಹೂವಿನ ಎಳೆ ಕಟ್ಟುವಾಗ ಮುಳ್ಳು ಚುಚ್ಚಿ ಅವರ ಬಲಗಣ್ಣು ಹೋಯಿತು. ಉಳಿದದ್ದು ಎಡಗಣ್ಣು. ಆ ಒಂದೇ ಕಣ್ಣಿನಲ್ಲಿ ಅವರು ಎಳೆ ಚಂದ್ರನನ್ನು ಹುಡುಕಿ ತೆಗೆಯುತ್ತಿದ್ದ ರೀತಿ ನೋಡಿದವರಿಗೇ ಗೊತ್ತು. ಅಡುಗೆಮನೆಯಿಂದ ಹೆಂಗಸರು, "ಮುಹನ್ನಾ ಅವರಿಗೆ ಕಾಣಿಸ್ತಾ?" ಅಂತ ಕೇಳುತ್ತಿದ್ದರೇ ಹೊರತು ಚಂದ್ರ ಬಂದನಾ ಅಂತ ಕೇಳುತ್ತಿರಲಿಲ್ಲ.

ಆದರೆ ಹೋದ ವರ್ಷದಿಂದ ಗುಸುಗುಸು ಶುರುವಾಗಿತ್ತು. ಮುದುಕರಿಗೆ ವಯಸ್ಸಾಯಿತು, ಇರುವುದು ಒಂದು ಕಣ್ಣು, ಕಂಡೆ ಅಂತ ಅಂದುಕೊಂಡುಬಿಡುತ್ತಾರೆ ಅಷ್ಟೆ, ಅಂತ. ಮಾತು ಚಿಕ್ಕಪ್ಪನ ಕಿವಿಗೂ ಬಿದ್ದಿತ್ತು. ಚಳಿಗಾಲವಿಡೀ ಊಟದ ಹೊತ್ತಿಗೆ ಮಾತು ಬಿಟ್ಟಿದ್ದರು. ಅವರ ಮಗ ಹೈಸಮ್‌ಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಹೈಸಮ್ ಎಣ್ಣೆ ಕಂಪನಿಯಲ್ಲಿ ಇಂಜಿನಿಯರು. ಒಳ್ಳೆಯವನೇ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು. ಒಂದು ದಿನ ಅಂಗಡಿಗೆ ಬಂದು ನನ್ನ ಮುಂದೆ ಕೂತ.

"ಅಕ್ಕ, ಈ ಸಲ ಟೆಲಿಸ್ಕೋಪು ಗುಡ್ಡಕ್ಕೆ ಬರ್ಲೇಬೇಕು. ಅಪ್ಪ ಬರೀ ಕಣ್ಣಲ್ಲಿ ಎಲ್ಲಿ ತೋರಿಸ್ತಾರೋ ಅಲ್ಲೇ ಟೆಲಿಸ್ಕೋಪಲ್ಲೂ ಕಾಣಿಸ್ಬೇಕು. ಸಾಕ್ಷಿ ಬರ್ಕೊಳ್ಳೋ ಕಾಜಿಯವರ ಗುಮಾಸ್ತ ಎದುರಿಗೇ ಇರ್ತಾನೆ. ಎಲ್ಲರ ಬಾಯಿ ಮುಚ್ಚಿಸ್ಬಿಡೋಣ."

"ಬರುತ್ತೆ. ಆದರೆ ಸಿದ್ಧ ಮಾಡೋದು ನಾನು. ನಿನ್ನ ಆತುರ ಮನೇಲಿ ಕಟ್ಟಿಹಾಕಿ ಬಾ" ಅಂದೆ.

ಕಟ್ಟಿಹಾಕಿ ಬರಲಿಲ್ಲ, ಮಾರಾಯ.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಪಿಕಪ್‌ನಲ್ಲಿ ಗುಡ್ಡ ಹತ್ತಿದೆವು. ಆ ಕಲ್ಲುದಾರಿಯಲ್ಲಿ ಹೋದರೆ ಮನುಷ್ಯರ ಹಲ್ಲೇ ಸಡಿಲವಾಗುತ್ತವೆ, ಇನ್ನು ಕನ್ನಡಿಗಳ ಪಾಡು ಕೇಳಬೇಡಿ. ನನ್ನ ದೂರದರ್ಶಕದಲ್ಲಿ ಎರಡು ಕನ್ನಡಿ: ಕೊಳವೆಯ ತಳದಲ್ಲಿ ದೊಡ್ಡದು, ಬಾಯಿಯ ಹತ್ತಿರ ಓರೆಯಾಗಿ ಕೂತ ಚಿಕ್ಕದು. ಎರಡೂ ಒಂದಕ್ಕೊಂದು ನೇರ ಇರದಿದ್ದರೆ ಚಂದ್ರನ ಬದಲು ಹಾಲಿನ ಕಲೆ ಕಾಣುತ್ತದೆ. ನೇರ ಮಾಡುವುದಕ್ಕೆ ಕಾಲಿಮೇಟರ್ ಅಂತ ಹೆಬ್ಬೆರಳು ಗಾತ್ರದ ಒಂದು ಸಣ್ಣ ಕೆಂಪು ಲೇಸರ್ ಇದೆ. ಕಣ್ಣಿಟ್ಟು ನೋಡುವ ತೂತಿನಲ್ಲಿ ಅದನ್ನು ಕೂರಿಸಿದರೆ ಬೆಳಕು ಚಿಕ್ಕ ಕನ್ನಡಿಗೆ ಬಡಿದು, ದೊಡ್ಡ ಕನ್ನಡಿಗೆ ಹೋಗಿ, ತಿರುಗಿ ಬಂದ ದಾರಿಯಲ್ಲೇ ವಾಪಸಾಗಬೇಕು. ಬಾರದಿದ್ದರೆ ಬರುವವರೆಗೆ ತಿರುಪು ತಿರುಗಿಸಬೇಕು. ಕನ್ನಡಿ ವಿಪರೀತ ಓರೆಯಾಗಿದ್ದರೆ ಆ ಬೆಳಕು ಒಳಗೆ ನಿಲ್ಲುವುದಿಲ್ಲ, ಕೊಳವೆಯ ಬಾಯಿಯಿಂದ ಹೊರಗೆ ಚಿಮ್ಮುತ್ತದೆ. ನನ್ನ ಕಟ್ಟಳೆ ಇರುವುದೇ ಅದಕ್ಕೆ.

ಹೈಸಮ್ ದೂರದರ್ಶಕವನ್ನು ಅದರ ಮರದ ಪೀಠದ ಮೇಲೆ ಮಲಗಿಸಿದಂತೆ ಅಡ್ಡಲಾಗಿ ಕೂರಿಸಿದ. ಸೂರ್ಯನಿಗೆ ಬೆನ್ನು ಮಾಡಿ, ಬಾಯಿ ಬಂಡೆಯ ಕಡೆ. ಅಷ್ಟರಮಟ್ಟಿಗೆ ಸರಿಯೇ. ನಾನು ಚಾಪೆ, ನೀರು, ಕಹವಾ ಕಾಫಿಯ ಫ್ಲಾಸ್ಕು ಇಳಿಸಲು ಪಿಕಪ್ ಹಿಂದೆ ಹೋದೆ. ಊರಿನವರು ಒಬ್ಬೊಬ್ಬರಾಗಿ ಮೇಲೆ ಬರುತ್ತಿದ್ದರು. ಚಿಕ್ಕಪ್ಪನೂ ಬಂದರು. ಹೊಸದಾಗಿ ಒಗೆದ ಬಿಳಿ ನಿಲುವಂಗಿ, ಸೊಂಟದಲ್ಲಿ ಬೆಳ್ಳಿ ಹಿಡಿಯ ಖಂಜರ್ ಬಾಕು, ಮದುವೆಗೆ ತೆಗೆಯುವ ಕಾಶ್ಮೀರಿ ಮಸ್ಸರ್. ಸಾಕ್ಷಿ ಹೇಳುವ ದಿನ ಅವರು ಹಾಗೇ ಬರುವುದು.

ನಾನು ಗರಿಯಿಂದ ಹೆಣೆದ ತಟ್ಟೆಯಲ್ಲಿ ಖರ್ಜೂರ ತುಂಬಿಕೊಂಡು ಈ ಕಡೆ ತಿರುಗುತ್ತೇನೆ, ಬಂಡೆಯ ಮೇಲೆ ಒಂದು ಹಸಿರು ಚುಕ್ಕೆ ಕುಣಿಯುತ್ತಿದೆ!

ಕೆಂಪಲ್ಲ, ಹಸಿರು. ಹಾಡುಹಗಲಲ್ಲಿ, ಬಿಸಿಲಲ್ಲಿ, ಕಣ್ಣಿಗೆ ಕುಕ್ಕುವಷ್ಟು. ನನ್ನ ಕಾಲಿಮೇಟರ್ ಇನ್ನೂ ನನ್ನ ಕೈಚೀಲದಲ್ಲೇ ಇತ್ತು. ಹೈಸಮ್ ಏನು ಮಾಡಿದ್ದಾನೆ ಅಂತ ಆ ಕ್ಷಣವೇ ಅರ್ಥವಾಯಿತು. ನಕ್ಷತ್ರ ತೋರಿಸಲೆಂದು ಆನ್‌ಲೈನಿನಲ್ಲಿ ತರಿಸಿಕೊಂಡಿದ್ದ ಹಸಿರು ಲೇಸರ್ ಪೆನ್ನನ್ನು ಬಟ್ಟೆ ಸುತ್ತಿ ಕಣ್ಣಿನ ತೂತಿಗೆ ತುರುಕಿದ್ದ. ಗುಂಡಿ ಒತ್ತಿ ಹಿಡಿಯಲು ಕೈ ಬೇಡ ಅಂತ ಅದರ ಮೇಲೆ ಟೇಪು ಸುತ್ತಿದ್ದ. ತಾನು ಕೊಳವೆಯ ತಳದಲ್ಲಿ ಕುಕ್ಕರುಗಾಲಲ್ಲಿ ಕೂತು, ತಲೆ ತಗ್ಗಿಸಿಕೊಂಡು ತಿರುಪು ತಿರುಗಿಸುತ್ತಿದ್ದ. ಬೆಳಕು ಅಂತ ಕೂಗಿರಲಿಲ್ಲ. ಮುಂದೆ ಯಾರು ಬರುತ್ತಿದ್ದಾರೆ ಅಂತ ಅವನಿಗೆ ಕಾಣುತ್ತಲೂ ಇರಲಿಲ್ಲ.

ಬರುತ್ತಿದ್ದವರು ಅವನ ಅಪ್ಪ. ಗಾಳಿಗೆ ಮಸ್ಸರಿನ ಅಂಚು ಜಾರಿತ್ತು. ಎಲ್ಲರೂ ಮಾಡುವಂತೆ ಕೊಳವೆಯ ಬಾಯಿಯ ಮುಂದೆ ಹೋಗಿ ನಿಂತರು. ಹಸಿರು ಚುಕ್ಕೆ ಬಂಡೆ ಬಿಟ್ಟು ಅವರ ಬಿಳಿ ಅಂಗಿಯ ಎದೆಯ ಮೇಲೆ ಬಂತು. ಅವರು ಬಗ್ಗತೊಡಗಿದರು. ಚುಕ್ಕೆ ಭುಜಕ್ಕೆ ಬಂತು, ಗಡ್ಡಕ್ಕೆ ಬಂತು.

ಓಡಿ ತಲುಪುವಷ್ಟು ಹತ್ತಿರ ನಾನಿರಲಿಲ್ಲ. ಕಣ್ಣು ಮುಚ್ಚಿ ಅಂತ ಕೂಗಬಹುದಿತ್ತು. ಆದರೆ ಚಿಕ್ಕಪ್ಪನನ್ನು ನಾನು ಬಲ್ಲೆ. ಜನ್ಮದಲ್ಲಿ ಯಾರ ಮಾತೂ ಒಂದೇ ಸಲಕ್ಕೆ ಕೇಳಿದವರಲ್ಲ. ಕೂತ್ಕೊಳ್ಳಿ ಅಂದರೆ ಯಾಕೆ ಅನ್ನುತ್ತಾರೆ, ಉಣ್ಣಿ ಅಂದರೂ ಯಾಕೆ ಅನ್ನುತ್ತಾರೆ. ಕಣ್ಣು ಮುಚ್ಚಿ ಅಂದರೆ ಆ ಒಂದು ಕಣ್ಣನ್ನು ಇನ್ನಷ್ಟು ಅಗಲಿಸಿ ಯಾಕೆ ಅಂತ ಕೇಳುತ್ತಾರೆ. ಹಾಗೆ ಕೇಳುವಷ್ಟು ಹೊತ್ತು ಸಾಕು, ಎಲ್ಲ ಮುಗಿದುಹೋಗಲು.

"ಚೇಳು!" ಅಂತ ಕಿರುಚಿದೆ. "ಚಿಕ್ಕಪ್ಪಾ, ಕಾಲಡಿ ಚೇಳು!"

ಈ ಗುಡ್ಡದ ಮನುಷ್ಯನಿಗೆ ಆ ಮಾತಿಗೆ ಯಾಕೆ ಅಂತ ಕೇಳುವ ಅಭ್ಯಾಸವಿಲ್ಲ. ಚಿಕ್ಕಪ್ಪ ನೆಲ ನೋಡುತ್ತಾ ಹಿಂದಕ್ಕೆ ಎಂಥ ನೆಗೆತ ನೆಗೆದರು ಅಂದರೆ, ಮಸ್ಸರ್ ಬಿಚ್ಚಿಕೊಂಡು ಭುಜದ ಮೇಲೆ ಬಿತ್ತು. ಅಷ್ಟರಲ್ಲಿ ನಾನು ಪಕ್ಕದಿಂದ ಓಡಿಬಂದು ಗರಿಯ ತಟ್ಟೆಯನ್ನು ಕೊಳವೆಯ ಬಾಯಿಗೆ ಕವುಚಿ ಅದುಮಿದೆ. ಖರ್ಜೂರವೆಲ್ಲ ಕಲ್ಲಿನ ಮೇಲೆ ಉರುಳಿದವು.

"ಟೇಪು ಕೀಳೋ!" ಅಂತ ಕೂಗಿದೆ. "ಹೈಸಮ್, ಟೇಪು ಕೀಳು ಅಂದೆ!"

ಅವನು ಗಾಬರಿಯಿಂದ ಎದ್ದುಬಂದು ಪೆನ್ನು ಕಿತ್ತು ಆರಿಸಿದ. ಆಗಲೇ ನಾನು ತಟ್ಟೆ ತೆಗೆದದ್ದು.

"ಎಲ್ಲೇ ಚೇಳು?" ಅಂದರು ಚಿಕ್ಕಪ್ಪ, ಚಪ್ಪಲಿ ಕೈಯಲ್ಲಿ ಹಿಡಿದು ನೆಲವನ್ನೆಲ್ಲ ಹುಡುಕುತ್ತಾ.

"ಇಲ್ಲಿದೆ ನೋಡಿ, ನೀವೇ ಹೆತ್ತದ್ದು" ಅಂತ ಹೈಸಮ್‌ನನ್ನು ತೋರಿಸಿದೆ.

"ರಂಜಾನ್ ಬಾಗಿಲಲ್ಲಿ ನಿಂತಿದೆ, ಈ ವಯಸ್ಸಲ್ಲಿ ಸುಳ್ಳು ಹೇಳ್ತೀಯಲ್ಲೇ! ನನ್ನ ಸೊಂಟ ಉಳುಕಿದ್ರೆ ಯಾರು ಜವಾಬ್ದಾರಿ?"

"ಸೊಂಟ ಉಳುಕಿದ್ರೆ ಎಣ್ಣೆ ಹಚ್ಚಿ ತಿಕ್ತೀನಿ. ಸುಮ್ಮನೆ ಕೂತ್ಕೊಳ್ಳಿ."

"ಯಾಕೆ?" ಅಂದರು. ಹೇಳಿದೆನಲ್ಲ, ಅವರು ಹಾಗೇ.

ಹೈಸಮ್‌ಗೆ ಇನ್ನೂ ವಿಷಯ ತಲೆಗೆ ಹೋಗಿರಲಿಲ್ಲ. "ಅಕ್ಕ, ಇಷ್ಟಕ್ಕೆಲ್ಲ ಹೀಗೆ ಕೂಗಾಡ್ತೀಯಲ್ಲ. ಬಿಸಿಲಲ್ಲಿ ನಿನ್ನ ಕೆಂಪು ಚುಕ್ಕೆ ಕಾಣಿಸಲ್ಲ, ಹೊತ್ತು ಮುಳುಗ್ತಾ ಇದೆ, ಅದಕ್ಕೇ ಇದನ್ನ ಹಾಕ್ದೆ. ನಿನ್ನದರ ಹಾಗೆ ಇದರ ಶಕ್ತೀನೂ ಐದೇ ಮಿಲಿವ್ಯಾಟು. ಪೆನ್ನಿನ ಮೇಲೆ ಬರ್ದಿದೆ ನೋಡು."

"ಬರೆದಿದ್ದನ್ನೆಲ್ಲ ನಂಬೋ ಇಂಜಿನಿಯರ್‌ನ ಇವತ್ತೇ ನೋಡಿದ್ದು ಕಣೋ. ಐದೇ ಆಗಿದ್ರೂ ಕಣ್ಣಿಗೆ ನೇರ ಬಿಡೋದಲ್ಲ. ಇದು ಐದೂ ಅಲ್ಲ. ಬಾ ಇಲ್ಲಿ."

ಕಸಕ್ಕೆ ತಂದಿದ್ದ ತೆಳು ಕಪ್ಪು ಪ್ಲಾಸ್ಟಿಕ್ ಚೀಲವನ್ನು ಬಂಡೆಯ ಬುಡದಲ್ಲಿ ಕಲ್ಲು ಹೇರಿ ಹರಡಿದೆ. ಎಲ್ಲರನ್ನೂ ಹಿಂದೆ ಕಳಿಸಿ, ಬಂಡೆಗೆ ಬೆನ್ನು ಮಾಡಿ ನಿಲ್ಲಿಸಿದೆ. "ಬೆಳಕು!" ಅಂತ ಕೂಗಿ, ಪೆನ್ನನ್ನು ಚೀಲದ ಹತ್ತಿರ ಹಿಡಿದು, ನಾನೂ ಮುಖ ತಿರುಗಿಸಿಕೊಂಡು ಗುಂಡಿ ಒತ್ತಿದೆ. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಆರಿಸಿ, ಚೀಲವನ್ನು ಎತ್ತಿ ಆಕಾಶಕ್ಕೆ ಹಿಡಿದೆ. ಕಡಲೆಕಾಳಿನಷ್ಟು ತೂತು. ಅದರೊಳಗಿಂದ ಆಚೆಯ ಬೆಟ್ಟ ಕಾಣುತ್ತಿತ್ತು.

"ಇದು ಪ್ಲಾಸ್ಟಿಕ್ಕು. ನಿಮ್ಮಪ್ಪ ಮಸ್ಸರ್ ಸರಿ ಮಾಡ್ಕೊಳ್ಳೋಕೆ ಆ ಕೊಳವೆಯೊಳಗೆ ಇಣುಕ್ತಾ ಇದ್ರು. ಚುಕ್ಕೆ ಗಡ್ಡದವರೆಗೂ ಬಂದಿತ್ತು" ಅಂದೆ.

ಹೈಸಮ್ ತೂತನ್ನು ನೋಡಿದ. ಅಪ್ಪನನ್ನು ನೋಡಿದ. ಬಿಚ್ಚಿದ ಮಸ್ಸರ್ ಭುಜದ ಮೇಲೆ ಹಾಕಿಕೊಂಡು, ಬೋಳುತಲೆಯಲ್ಲಿ, ಆ ಒಂದು ಕಣ್ಣಿನಲ್ಲಿ ಪಿಳಿಪಿಳಿ ನೋಡುತ್ತಾ ಕೂತಿದ್ದರು. ಹೈಸಮ್ ಕಲ್ಲಿನ ಮೇಲೆ ಕೂತುಬಿಟ್ಟ. ಮೂವತ್ತು ದಾಟಿದ ಗಂಡಸು, ಊರವರೆಲ್ಲರ ಎದುರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ. ನನಗೆ ಅಳಲು ಪುರುಸೊತ್ತಿರಲಿಲ್ಲ. ಚಿಕ್ಕಪ್ಪನ ಕಣ್ಣಿಗೆ ಏನೂ ತಾಗಿಲ್ಲ ಅಂತ ಮೊದಲು ಗೊತ್ತುಮಾಡಿಕೊಳ್ಳಬೇಕಿತ್ತು.

ಕಹವಾದ ಬುಟ್ಟಿಗೆ ಸುತ್ತಿದ್ದ ಚೌಕಳಿ ಬಟ್ಟೆಯನ್ನು ಬಿಡಿಸಿ ಅವರ ಮುಂದೆ ಹಿಡಿದೆ. "ನಡುವಿನ ಚೌಕ ಒಂದನ್ನೇ ನೋಡಿ. ಸುತ್ತ ಇರೋ ಗೆರೆಗಳು ನೆಟ್ಟಗಿವೆಯಾ? ಎಲ್ಲಾದ್ರೂ ಸೊಟ್ಟ ಕಾಣಿಸುತ್ತಾ? ಯಾವುದಾದ್ರೂ ಚೌಕ ಮಾಯ ಆಗಿದೆಯಾ?"

ಅವರು ಬಹಳ ಹೊತ್ತು ನೋಡಿದರು. ಹೈಸಮ್ ತಲೆ ಎತ್ತಿ ಅಪ್ಪನ ಬಾಯನ್ನೇ ನೋಡುತ್ತಿದ್ದ.

"ಒಂದು ಚೌಕದಲ್ಲಿ ಕಲೆ ಇದೆ" ಅಂದರು ಚಿಕ್ಕಪ್ಪ.

ಬಟ್ಟೆಯನ್ನು ಇನ್ನೂ ಹತ್ತಿರ ಹಿಡಿದೆ. "ಎಲ್ಲಿ?"

"ಅಲ್ಲೇ, ಮೂಲೇಲಿ. ಕಹವಾ ಚೆಲ್ಲಿದ್ದೀಯ. ಒಗೆಯೋಕೆ ಸೋಮಾರಿತನ ನಿನಗೆ."

ನೋಡಿದೆ. ನಿಜವಾಗಿಯೂ ಕಹವಾ ಕಲೆಯೇ! ಎಲ್ಲರೂ ನಕ್ಕರು, ಹೈಸಮ್ ಕೂಡ ಮೂಗೊರೆಸಿಕೊಳ್ಳುತ್ತಾ ನಕ್ಕ. "ಆದ್ರೂ ನಾಳೆ ಕಣ್ಣಿನ ಡಾಕ್ಟರ್ ಹತ್ರ ಹೋಗ್ಲೇಬೇಕು. ಯಾಕೆ ಅಂತ ಕೇಳಿದ್ರೆ ನೋಡಿ ಮತ್ತೆ" ಅಂದೆ. ಚಿಕ್ಕಪ್ಪ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

ಸೂರ್ಯ ಇನ್ನೂ ಸ್ವಲ್ಪ ಮೇಲಿದ್ದ. ಹೈಸಮ್‌ನನ್ನು ಕರೆದೆ. "ಏಳು. ಅತ್ತಿದ್ದು ಸಾಕು. ನಿಮ್ಮಪ್ಪನ ಸಾಕ್ಷಿಗೆ ಟೆಲಿಸ್ಕೋಪು ಬೇಕು ಅಂದವನು ನೀನು. ಈಗ ಸರಿಯಾಗಿ ಮಾಡು, ನಾನು ಹೇಳ್ದಂಗೆ."

ಮೊದಲು ಯಾವ ಲೇಸರೂ ಬೇಡ ಅಂದೆ. ನಟ್ಟನಡುವೆ ಸೂಜಿ ತೂತು ಮಾಡಿದ ಒಂದು ಡಬ್ಬಿ ಮುಚ್ಚಳ ನನ್ನ ಹತ್ತಿರ ಸದಾ ಇರುತ್ತದೆ. ಅದನ್ನು ಕಣ್ಣಿನ ತೂತಿಗೆ ಇಟ್ಟು ಬರೀ ಹಗಲು ಬೆಳಕಿನಲ್ಲಿ ಚಿಕ್ಕ ಕನ್ನಡಿಯನ್ನು ನೇರ ಮಾಡಿಸಿದೆ. ಇಷ್ಟಾದರೆ ಬೆಳಕು ಹೊರಗೆ ಚಿಮ್ಮುವಷ್ಟು ಓರೆ ಉಳಿಯುವುದಿಲ್ಲ. ಆಮೇಲೆ ಕೊಳವೆಯ ಬಾಯಿಗೆ ಅದರ ಮರದ ಮುಚ್ಚಳ ಹಾಕಿಸಿದೆ. ಆಮೇಲೆ ಕಾಲಿಮೇಟರ್ ಕೂರಿಸಿ, ಕೂರಿಸಿದ ಮೇಲೇ ಹಚ್ಚುವುದು. ಅದರ ಪಕ್ಕದಲ್ಲಿ ಓರೆಯಾದ ಒಂದು ಪುಟ್ಟ ಬಿಳಿ ಫಲಕವಿದೆ. ಹಿಂತಿರುಗಿ ಬಂದ ಚುಕ್ಕೆ ಅದರ ಮೇಲೆ ಬೀಳುತ್ತದೆ, ಕೊಳವೆಯ ಹಿಂದೆ ನಿಂತೇ ನೋಡಬಹುದು. ನನ್ನ ಕಪ್ಪು ಶಾಲು ಹೊದ್ದು ನೆರಳು ಮಾಡಿದರೆ ಹಗಲಲ್ಲೂ ಕೆಂಪು ಚುಕ್ಕೆ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಹಸಿರು ಪೆನ್ನು ಯಾಕೆ ಬೇಕು, ತಾಳ್ಮೆ ಸಾಕು.

"ಬೆಳಕು!" ಅಂತ ಹೈಸಮ್ ಕೂಗಿದ. ಊರವರೆಲ್ಲ ಕುರಿಗಳ ಹಾಗೆ ದಡಬಡ ಕೊಳವೆಯ ಹಿಂದಕ್ಕೆ ಓಡಿದರು. ಪೊಲೀಸ್ ಅಕ್ಕ ಅಂದವರೇ ಎಲ್ಲರಿಗಿಂತ ಮುಂದೆ. ಶಾಲಿನೊಳಗಿಂದ ಹೈಸಮ್ ತಿರುಪು ತಿರುಗಿಸುತ್ತಾ, "ಬಂತು ಅಕ್ಕ, ನಡುವಿಗೇ ಬಂತು" ಅಂದ. ನಾನು ಕಾಲಿಮೇಟರ್ ಆರಿಸಿ, ತೆಗೆದು, ಚೀಲದಲ್ಲಿಟ್ಟೆ. ಹಸಿರು ಪೆನ್ನಿನ ಬ್ಯಾಟರಿ ಕಿತ್ತು, ಪೆನ್ನನ್ನೂ ನನ್ನ ಚೀಲಕ್ಕೇ ಹಾಕಿದೆ.

ಸೂರ್ಯ ಪೂರ್ತಿ ಮುಳುಗಿದ ಮೇಲೇ ಮುಚ್ಚಳ ತೆಗೆದು ಪಡುವಣಕ್ಕೆ ತಿರುಗಿಸಿದೆವು. ಬೆಟ್ಟದ ಸಾಲಿನ ಮೇಲೆ ಧೂಳಿನ ಮಬ್ಬು. ಚಿಕ್ಕಪ್ಪ ತಮ್ಮ ಕೋಲು ಊರಿ ಎಂದಿನ ಕಲ್ಲಿನ ಮೇಲೆ ನಿಂತರು. ಹಿಂದೆ ಕಾಜಿಯವರ ಗುಮಾಸ್ತ. ಅವನ ಹಿಂದೆ ಇಡೀ ಊರು, ಗುಸುಗುಸು ಮಾಡಿದವರೂ ಸೇರಿ. ಬಹಳ ಹೊತ್ತಾಯಿತು. ಯಾರೋ ಕೆಮ್ಮಿದರು. ಯಾರೋ, "ಈ ಸಲ ಇಲ್ಲ ಬಿಡಿ" ಅಂದರು.

"ಅಗೋ" ಅಂದರು ಚಿಕ್ಕಪ್ಪ, ಮೆಲ್ಲಗೆ.

"ಎಲ್ಲಿ? ಎಲ್ಲಿ?" ಅಂತ ಎಲ್ಲರೂ ಮುಗಿಬಿದ್ದರು. ಹಿಂದಿನಿಂದ ಒಬ್ಬ, "ನಸ್ರಕ್ಕಾ, ಆ ಹಸಿರು ಲೈಟಲ್ಲಿ ಒಂದ್ಸಲ ತೋರಿಸ್ಬಿಡಿ, ಸುಲಭ ಆಗುತ್ತೆ" ಅಂದ.

ನಾನು ಉತ್ತರ ಕೊಡುವ ಮೊದಲೇ ಹೈಸಮ್ ತಿರುಗಿದ. "ಅದು ವಿಮಾನದ ದಾರಿ ಕಣಯ್ಯಾ. ಕೆಳಗೆ ರಸ್ತೇಲಿ ಗಾಡಿಗಳು. ಅವರಿಗೂ ಕಣ್ಣಿಲ್ವಾ?"

ಅವನು ಹೋಗಿ ಅಪ್ಪನ ಹಿಂದೆ ನಿಂತ. ಚಿಕ್ಕಪ್ಪ ತೋಳು ಚಾಚಿದರು. ಹೈಸಮ್ ಅವರ ಭುಜದ ಮೇಲೆ ಗದ್ದ ಊರಿ, ಆ ತೋಳಿನುದ್ದಕ್ಕೂ, ಬೆರಳ ತುದಿಯಾಚೆಗೂ ನೋಡಿದ. ಮೊದಲು ಅವನಿಗೆ ಕಾಣಲಿಲ್ಲ. ಚಿಕ್ಕಪ್ಪ ಇನ್ನೊಂದು ಕೈಯಿಂದ ಅವನ ತಲೆ ಹಿಡಿದು ಒಂದಿಷ್ಟು ಎಡಕ್ಕೆ ತಿರುಗಿಸಿದರು.

"ಕಂಡಿತು ಅಪ್ಪಾ!" ಅಂದ. "ಉಗುರಿನ ಚೂರಿನ ಹಾಗೆ. ಕಂಡಿತು!"

ದೂರದರ್ಶಕವನ್ನು ನಾನು ಆ ಬೆರಳಿನ ದಿಕ್ಕಿಗೇ ತಿರುಗಿಸಿದೆ. ಕನ್ನಡಿಗಳು ಎಷ್ಟು ನೇರವಾಗಿದ್ದವು ಅಂದರೆ, ಬೆಳಕಿನ ಆ ಸಣ್ಣ ಗೆರೆ ಕೂದಲಿನಷ್ಟು ಚೊಕ್ಕವಾಗಿ ಬಂದು ನಿಂತಿತು. ಗುಮಾಸ್ತ ಕಣ್ಣಿಟ್ಟು ನೋಡಿದ. ಆಮೇಲೆ ಗುಸುಗುಸು ಮಾಡಿದವರನ್ನೂ ಒಬ್ಬೊಬ್ಬರಾಗಿ ಕರೆದು ನೋಡಿಸಿದೆ. ಒಬ್ಬರೂ ಒಂದು ಮಾತೂ ಆಡಲಿಲ್ಲ. ಆಹಾ, ಆ ಮೌನ ನನಗೆ ಕಹವಾ ಕುಡಿದಷ್ಟು ಹಿತವಾಗಿತ್ತು.

"ಬನ್ನಿ ಮುಹನ್ನಾ, ಸಾಕ್ಷಿ ಹೇಳಿ" ಅಂದ ಗುಮಾಸ್ತ.

"ತಡಿ. ತಲೆ ನೆಟ್ಟಗಿಲ್ಲ" ಅಂತ ಚಿಕ್ಕಪ್ಪ ಭುಜದ ಮೇಲಿದ್ದ ಮಸ್ಸರ್ ಹಿಡಿದುಕೊಂಡು, ಅಭ್ಯಾಸಬಲದಿಂದ ಸೀದಾ ದೂರದರ್ಶಕದ ಬಾಯಿಯ ಕಡೆ ನಡೆದರು. ಈಗ ಒಳಗೆ ಯಾವ ಲೇಸರೂ ಇರಲಿಲ್ಲ, ಹೆದರುವಂಥದ್ದೇನೂ ಇರಲಿಲ್ಲ. ಆದರೂ ಹೈಸಮ್ ಓಡಿಹೋಗಿ ಅಡ್ಡ ನಿಂತ.

"ಕನ್ನಡಿ ಬೇಡ ಅಪ್ಪ. ಕೊಡಿಲ್ಲಿ, ನಾನು ಕಟ್ತೀನಿ."

ಚಿಕ್ಕಪ್ಪ ಮಗನನ್ನು ನೋಡಿದರು. ಮಸ್ಸರ್ ಕೊಟ್ಟರು. ಹೈಸಮ್ ಅದನ್ನು ಒದರಿ, ಮಡಚಿ, ಅಪ್ಪನ ತಲೆಗೆ ಸುತ್ತತೊಡಗಿದ. ಅಂಚಿನ ಕುಚ್ಚು ಹಣೆಯ ಮೇಲೆ ಜೋತುಬಿತ್ತು.

"ಕಣ್ಣು ಮುಚ್ಕೊಳ್ಳಿ ಅಪ್ಪ. ಕುಚ್ಚು ತಾಗುತ್ತೆ" ಅಂದ.

ಯಾಕೆ ಅಂತ ಕೇಳುತ್ತಾರೆ ಅಂತ ನಾನು ಕಾದೆ. ಚಿಕ್ಕಪ್ಪ ಕೇಳಲಿಲ್ಲ. ಆ ಒಂದು ಕಣ್ಣನ್ನು ಮುಚ್ಚಿಕೊಂಡು, ಮಗ ಕಟ್ಟಿ ಮುಗಿಸುವವರೆಗೂ ಸುಮ್ಮನೆ ನಿಂತರು. ಆಮೇಲೆ ಕಣ್ಣು ಬಿಟ್ಟು, ಗುಮಾಸ್ತನ ಕಡೆ ತಿರುಗಿ, "ಈಗ ಬರ್ಕೊಳ್ಳಪ್ಪ. ಕಣ್ಣಾರೆ ಕಂಡೆ" ಅಂದರು.